ಕೊನೆಯ ಪುಟ ಓದದ ಪಾಠ

ಜುಲೈ 6, ಭಾನುವಾರ

ಅಪ್ಪನಿಗೆ,

ಕ್ಷೇಮವಾಗಿದ್ದೇನೆ ಎಂದು ಶುರುಮಾಡಿದರೆ ನೀವು ಆ ಪದದ ಕೆಳಗೇ ಕೆಂಪು ಗೀಟು ಎಳೆದು ‘ಸಾಕ್ಷಿ ಎಲ್ಲಿ?’ ಎಂದು ಬರೆದು ಕಳಿಸುತ್ತೀರಿ. ಆದ್ದರಿಂದ ಸಾಕ್ಷಿ ಸಮೇತ ಹೇಳುತ್ತೇನೆ. ಊಟ ಸೇರುತ್ತಿದೆ. ನಿದ್ದೆ ಅರ್ಧಂಬರ್ಧ. ಹಾಸ್ಟೆಲಿನ ಕೋಣೆಯ ಕಿಟಕಿಗೆ ಕೊಂಡಿ ಇಲ್ಲ, ಗಾಳಿ ಬಂದಾಗಲೆಲ್ಲ ಪಟಪಟ ಬಡಿದುಕೊಳ್ಳುತ್ತದೆ, ಹಳೆಯ ಉತ್ತರಪತ್ರಿಕೆಯೊಂದನ್ನು ಮಡಚಿ ಸಂದಿಗೆ ತುರುಕಿದ್ದೇನೆ.

ನನ್ನ ಜೊತೆಯ ಹುಡುಗಿಯರ ಟ್ರಂಕಿನಲ್ಲಿ ಅವರವರ ಅಪ್ಪಂದಿರು ಬರೆದ ಪತ್ರಗಳಿವೆ. ನನ್ನ ಟ್ರಂಕಿನಲ್ಲಿ ಹೆಚ್ಚಾಗಿ ನಾನೇ ಬರೆದ ಪತ್ರಗಳಿವೆ. ಏಳನೇ ವಯಸ್ಸಿನಿಂದ ನಿಮಗೆ ಬರೆದದ್ದೆಲ್ಲ ತಿದ್ದಿಸಿಕೊಂಡು ನನಗೇ ವಾಪಸ್ಸು ಬಂದಿದೆ. ಅದನ್ನು ಹೇಳಿದರೆ ಇವರು ಬಿದ್ದು ಬಿದ್ದು ನಗುತ್ತಾರೆ. ನಾನೂ ನಗುತ್ತೇನೆ.

ಈಗ ವಿಷಯಕ್ಕೆ ಬರುತ್ತೇನೆ, ಬರೆಯಲು ಕೈ ಹಿಂದೆ ಮುಂದೆ ನೋಡುತ್ತಿದೆ. ಇದರ ಜೊತೆ ಒಂದು ಅರ್ಜಿ ಇಟ್ಟಿದ್ದೇನೆ. ಬಿ.ಎಡ್.ನ ಮುಂದಿನ ಆರು ತಿಂಗಳಿಗೆ ನಾವು ಒಂದು ವಿಷಯ ಆರಿಸಿಕೊಳ್ಳಬೇಕು. ಒಂದು ‘ಪರೀಕ್ಷಾ ತಯಾರಿ’, ಇನ್ನೊಂದು ‘ಸಾಹಿತ್ಯ’. ನಾನು ಸಾಹಿತ್ಯಕ್ಕೆ ಗುರುತು ಹಾಕಿದ್ದೇನೆ. ಕೆಳಗೆ ಪೋಷಕರ ಸಹಿ ಬೇಕು. ಸೆಪ್ಟೆಂಬರ್ ಮೂವತ್ತು ಕಡೆಯ ದಿನ, ಅಲ್ಲಿಯವರೆಗೆ ಎರಡೂ ತರಗತಿಗೆ ಕೂರಬಹುದು. ಎಂಟು ಜನ ಸೇರದಿದ್ದರೆ ಆ ವಿಷಯವನ್ನೇ ಮುಚ್ಚಿಬಿಡುವುದಾಗಿ ಪ್ರಿನ್ಸಿಪಾಲರು ನೋಟೀಸು ಹಾಕಿದ್ದಾರೆ. ಇದುವರೆಗೆ ಏಳು ಜನ ಸಹಿ ತಂದಿದ್ದಾರೆ. ಎಂಟನೆಯವಳು ನಾನು.

ಆ ವಿಷಯ ಕಲಿಸುವ ಮೇಡಂಗೆ ಹುಡುಗರು ಯಾಕಮ್ಮ ಎಂದು ಹೆಸರಿಟ್ಟಿದ್ದಾರೆ. ಯಾರು ಏನೇ ಹೇಳಲಿ, ಕನ್ನಡಕ ಮೂಗಿನ ತುದಿಗೆ ಇಳಿಸಿ “ಯಾಕಮ್ಮಾ?” ಎನ್ನುತ್ತಾರೆ, ಗಂಡು ಹುಡುಗರಿಗೂ ಅದೇ. ಮೊದಲ ದಿನ ನಾನು, ಈ ಕಥೆ ಚೆನ್ನಾಗಿದೆ ಎಂದೆ. ಯಾಕಮ್ಮಾ ಎಂದರು. ಹನ್ನೆರಡು ವರ್ಷ ಇಂಗ್ಲಿಷ್ ಓದಿ, ನಿಮ್ಮ ಮಗಳಾಗಿ, ಒಂದು ವಾಕ್ಯದಲ್ಲೂ ತಪ್ಪು ಮಾಡದ ನನಗೆ ಹೇಳಲು ಏನೂ ಇರಲಿಲ್ಲ. ಅವತ್ತಿನಿಂದ ಒಂದು ಥರ ಹೆದರಿಕೆ ಹತ್ತಿಕೊಂಡಿದೆ. ನಾಳೆ ಮಕ್ಕಳ ಮುಂದೆ ನಿಂತಾಗಲೂ ಹೀಗೇ ಆದರೆ?

ಇದೇ ತಿಂಗಳು ನಮ್ಮ ಬೋಧನಾ ಅಭ್ಯಾಸ ಶುರು. ಹತ್ತಿರದ ಶಾಲೆಯ ಏಳನೇ ತರಗತಿ ನನ್ನ ಪಾಲಿಗೆ ಬಂದಿದೆ. ಇಂಗ್ಲಿಷ್ ಪುಸ್ತಕದ ಆರನೇ ಪಾಠದ ಯೋಜನೆ ಬರೆದು ಇದರ ಜೊತೆಗೇ ಇಟ್ಟಿದ್ದೇನೆ, ತಿದ್ದಿಕೊಡಿ. ಅದು ಎರಡೂವರೆ ಪುಟದ ಕಥೆ. ಅಕ್ಕ ಪಟ್ಟಣಕ್ಕೆ ಹೋಗಿದ್ದಾಳೆ. ತಂಗಿ ದಿನಾ ಸಂಜೆ ಎರಡು ಕೊಡೆ ಹಿಡಿದು ಬಸ್‌ಸ್ಟಾಪಿಗೆ ಹೋಗುತ್ತಾಳೆ. ಕಂಡಕ್ಟರು ದಿನಾ ತಲೆ ಅಲ್ಲಾಡಿಸುತ್ತಾನೆ. ಒಂದು ದಿನ ಜೋರು ಮಳೆ. ತಂಗಿ ಮನೆಗೆ ಬಂದು ಎರಡೂ ಕೊಡೆಯನ್ನು ಬಾಗಿಲ ಪಕ್ಕ ನಿಲ್ಲಿಸುತ್ತಾಳೆ. ಒಂದರಿಂದ ನೀರು ಇಳಿಯುತ್ತಿರುತ್ತದೆ, ಇನ್ನೊಂದು ಒಣಗಿಯೇ ಇರುತ್ತದೆ. ಅಷ್ಟೇ ಕಥೆ. ‘ಅಕ್ಕ ಯಾಕೆ ಬರಲಿಲ್ಲ?’ ಎಂದು ಮಕ್ಕಳನ್ನು ಕೇಳಬೇಕೆಂದಿದ್ದೇನೆ. ಅವರು ಏನು ಹೇಳುತ್ತಾರೋ ನನಗೂ ಗೊತ್ತಿಲ್ಲ, ಅದಕ್ಕೇ ಭಯ.

ಬೇಗ ಸಹಿ ಮಾಡಿ ಕಳಿಸಿ.

ತಪ್ಪಿದ್ದರೆ ತಿದ್ದಿಸಿಕೊಳ್ಳುವ,
ನಿಮ್ಮ ಮಗಳು

•

ಜುಲೈ 14, ಸೋಮವಾರ

ಮಗಳಿಗೆ,

ನಿನ್ನ ಪತ್ರದಲ್ಲಿ ಏಳು ತಪ್ಪುಗಳಿವೆ. ಗುರುತು ಮಾಡಿ ಇಟ್ಟಿದ್ದೇನೆ. ‘ಅರ್ಧಂಬರ್ಧ’ ಎಂದು ಬಿಟ್ಟರೆ ವಾಕ್ಯ ಮುಗಿಯುವುದಿಲ್ಲ, ಅರ್ಧಂಬರ್ಧ ಏನು, ನಿದ್ದೆ ಬರುತ್ತಿದೆಯೋ ಹೋಗುತ್ತಿದೆಯೋ?

ಅರ್ಜಿ ನೋಡಿದೆ. ಸಹಿ ಮಾಡಿಲ್ಲ.

ಮೂವತ್ತನಾಲ್ಕು ವರ್ಷ ಇಂಗ್ಲಿಷ್ ಕಲಿಸಿದ್ದೇನೆ. ಬರುವ ಮಾರ್ಚಿಗೆ ನಿವೃತ್ತಿ. ನನ್ನನ್ನು ‘ಬಿಟ್ಟ ಸ್ಥಳ ಮೇಷ್ಟ್ರು’ ಎಂದು ಮಕ್ಕಳು ಬೆನ್ನ ಹಿಂದೆ ಕರೆಯುವುದು ನನಗೆ ಗೊತ್ತಿಲ್ಲವೆಂದುಕೊಂಡಿದ್ದೀಯಾ? ಕರೆಯಲಿ. ಬಿಟ್ಟ ಸ್ಥಳ ತುಂಬಿ ತುಂಬಿಯೇ ನನ್ನ ಮಕ್ಕಳು ಪಾಸಾಗಿದ್ದಾರೆ, ಆಫೀಸುಗಳಲ್ಲಿ ಕೂತಿದ್ದಾರೆ, ಎದುರಿಗೆ ಸಿಕ್ಕರೆ ನಮಸ್ಕಾರ ಹೇಳುತ್ತಾರೆ. ಬಿಟ್ಟ ಸ್ಥಳಕ್ಕೆ ಒಂದೇ ಉತ್ತರ. ಮಗುವಿಗೂ ನೆಮ್ಮದಿ, ಮೇಷ್ಟ್ರಿಗೂ ನೆಮ್ಮದಿ. ನೀನು ಭಾಷೆ ಕಲಿಸಲು ಹೊರಟವಳು, ಅಜ್ಜಿಕಥೆ ಹೇಳಲು ಅಲ್ಲ. ನಾಳೆ ಕೆಲಸದ ಸಂದರ್ಶನಕ್ಕೆ ಹೋದಾಗ ನಿನ್ನ ಯಾಕಮ್ಮ ಜೊತೆಗೆ ಬರುತ್ತಾರೆಯೇ? ಪರೀಕ್ಷಾ ತಯಾರಿ ಕಲಿತವರನ್ನೇ ಶಾಲೆಗಳು ಕೇಳುತ್ತವೆ. ಹೊಸ ಅರ್ಜಿ ತೆಗೆದುಕೊಂಡು ಅದಕ್ಕೆ ಗುರುತು ಹಾಕಿ ಕಳಿಸು, ಅಂದೇ ಸಹಿ ಮಾಡುತ್ತೇನೆ.

ಪಾಠ ಯೋಜನೆ ತಿದ್ದಿದ್ದೇನೆ. ನಲವತ್ತು ನಿಮಿಷದಲ್ಲಿ ನೀನು ಬರೆದಷ್ಟು ಆಗುವುದಿಲ್ಲ. ಮೊದಲ ಎರಡು ಪುಟ ಓದಿಸು. ಕೊನೆಯ ಅರ್ಧ ಪುಟ ಓದಿಸುವ ಅಗತ್ಯವಿಲ್ಲ. ಅದರ ವಾಕ್ಯಗಳನ್ನೇ ಬೋರ್ಡಿನ ಮೇಲೆ ಬರೆದು ಒಂದೊಂದು ಪದ ಬಿಡು. ಹತ್ತು ವಾಕ್ಯ ಇವೆ, ಹತ್ತು ಅಂಕಕ್ಕೆ ಸರಿಯಾಗುತ್ತದೆ. ಪಾಠ ಯೋಜನೆಯಲ್ಲಿ ‘ಪಾಠದ ಕೊನೆಗೆ ವಿದ್ಯಾರ್ಥಿಗಳು ಏನು ಮಾಡಬಲ್ಲರು’ ಎಂಬ ಅಂಕಣವನ್ನು ನೀನು ಖಾಲಿ ಬಿಟ್ಟಿದ್ದೆ, ಅದೂ ತುಂಬಿತು.

‘ಅಕ್ಕ ಯಾಕೆ ಬರಲಿಲ್ಲ’ ಎಂಬುದನ್ನು ಹೊಡೆದು ಹಾಕಿದ್ದೇನೆ. ಪಾಠದಲ್ಲಿ ಉತ್ತರವಿಲ್ಲ. ಉತ್ತರವಿಲ್ಲದ್ದನ್ನು ಮಕ್ಕಳ ಹತ್ತಿರ ಕೇಳಬಾರದು.

ಕಿಟಕಿಗೆ ಕೊಂಡಿ ಹಾಕಿಸಿಕೊ. ಉತ್ತರಪತ್ರಿಕೆ ತುರುಕುವ ಜಾಗ ಅದಲ್ಲ.

ನಿನ್ನ ಒಳ್ಳೆಯದನ್ನೇ ಬಯಸುವ,
ಅಪ್ಪ

•

ಆಗಸ್ಟ್ 2, ಶನಿವಾರ

ಅಪ್ಪನಿಗೆ,

ನೀವು ತಿದ್ದಿದಂತೆಯೇ ಪಾಠ ಮಾಡಿದೆ. ಒಂದು ನಿಮಿಷವೂ ಆಚೀಚೆ ಆಗಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಿದ್ದ ಮೇಲ್ವಿಚಾರಕರು ಇಪ್ಪತ್ತೈದಕ್ಕೆ ಇಪ್ಪತ್ಮೂರು ಕೊಟ್ಟರು. ನಮ್ಮ ಬ್ಯಾಚಿನಲ್ಲಿ ಅದೇ ಹೆಚ್ಚು. ಅಂದೇ ಬರೆಯಬೇಕಿತ್ತು, ಬರೆಯಲಿಲ್ಲ.

ನಡೆದದ್ದನ್ನು ಹಾಗೇ ಹೇಳುತ್ತೇನೆ. ಕಿಟಕಿಯ ಕಡೆ ಮೂರನೇ ಬೆಂಚಿನಲ್ಲಿ ಒಬ್ಬಳು ಕೂರುತ್ತಾಳೆ. ಹನ್ನೆರಡು ವರ್ಷದವಳು, ಸಣಕಲಿ, ಬಾಯಿಗೆ ಬೀಗ. ತರಗತಿಯ ಶಿಕ್ಷಕಿ ಮೊದಲ ದಿನವೇ ನನಗೆ ಹೇಳಿದ್ದರು, “ಅವಳನ್ನ ಬಿಟ್ಬಿಡಿ, ಅವಳು ಮಾತಾಡಲ್ಲ, ನಾವೂ ಕೇಳೋದು ಬಿಟ್ಟಿದೀವಿ.” ಕಥೆಯ ಮೊದಲ ಎರಡು ಪುಟ ಓದುವಾಗ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಖುಷಿಪಟ್ಟೆ. ಸಮಯವಾಯಿತು. ಪುಸ್ತಕ ಮುಚ್ಚಿ ಎಂದೆ. ಬೋರ್ಡಿಗೆ ತಿರುಗಿ ಬಿಟ್ಟ ಸ್ಥಳ ಬರೆಯತೊಡಗಿದೆ. ಎರಡು ಕೊಡೆಯ ಆ ಮಾತು ಹತ್ತನೇ ವಾಕ್ಯವಾಯಿತು. ‘ಒಂದರಿಂದ ನೀರು’ ಎಂದು ಬರೆದು ಮುಂದೆ ಗೀಟು ಎಳೆದೆ. ತಿರುಗಿ ನೋಡಿದರೆ ಅವಳು ಎದ್ದು ನಿಂತಿದ್ದಾಳೆ.

ಕೇಳಿದಳು. ಇಂಗ್ಲಿಷಿನಲ್ಲೇ ಕೇಳಿದಳು, ಅಪ್ಪ. ಇಡೀ ವಾಕ್ಯ, ಯಾರೂ ಹೇಳಿಕೊಡದೆ ಅವಳೇ ಕಟ್ಟಿದ ವಾಕ್ಯ. “ಟೀಚರ್, ಅಕ್ಕ ಯಾಕೆ ಬರಲಿಲ್ಲ?”

ನನ್ನ ಪ್ರಶ್ನೆಯನ್ನೇ ಅವಳು ಕೇಳಿದ್ದಳು. ನನಗೆ ಗಡಿಯಾರ ಕಂಡಿತು, ಮೇಲ್ವಿಚಾರಕರ ಪೆನ್ನು ಕಂಡಿತು. “ಅದು ಪಾಠದಲ್ಲಿಲ್ಲ. ಪರೀಕ್ಷೆಗೂ ಬರಲ್ಲ. ಕೂತ್ಕೋ,” ಎಂದೆ.

ಕೂತಳು. ಹತ್ತೂ ಬಿಟ್ಟ ಸ್ಥಳ ತುಂಬಿದಳು, ಹತ್ತೂ ಸರಿ. ಹತ್ತಕ್ಕೆ ಹತ್ತು ಕೊಟ್ಟೆ.

ಮಾರನೇ ದಿನದಿಂದ ಅವಳು ಶಾಲೆಗೆ ಬಂದಿಲ್ಲ. ಇವತ್ತಿಗೆ ಏಳು ದಿನ. ಪುಸ್ತಕಗಳು ಶಾಲೆಯ ಬೀರುವಿನವು, ಪಾಠ ಮುಗಿದ ಮೇಲೆ ಎಣಿಸಿ ಇಡಬೇಕು. ಒಂದು ಕಡಿಮೆ ಬಂತು. ತರಗತಿಯ ಶಿಕ್ಷಕಿಗೆ ಪುಸ್ತಕದ್ದೇ ಚಿಂತೆ. ಹುಡುಗಿ ಎಲ್ಲಿ ಎಂದು ಕೇಳಿದರೆ “ಬರ್ತಾಳೆ ಬಿಡಿ, ನೀವೊಬ್ರು” ಎನ್ನುತ್ತಾರೆ. ಮನೆಗೆ ಹೋದೆ, ಎರಡು ಸಲ ಬೀಗ. ದಿನಾ ಹಾಜರಿ ಕರೆಯುವಾಗ ಅವಳ ಸಂಖ್ಯೆಯನ್ನು ಎರಡು ಸಲ ಕೂಗುತ್ತೇನೆ. ಯಾಕಮ್ಮ ಮೇಡಂಗೆ ಹೇಳಿದೆ. ಅವರು ಮೊದಲ ಸಲ ಯಾಕಮ್ಮಾ ಎನ್ನಲಿಲ್ಲ. ಸುಮ್ಮನೆ ನನ್ನ ಕೈ ಹಿಡಿದುಕೊಂಡರು, ಅದಕ್ಕೇ ಇನ್ನೂ ಹೆದರಿಕೆಯಾಯಿತು.

ಅಪ್ಪ, ನಾನು ಏನು ಮಾಡಲಿ? ಈ ಮಗುವಿಗೆ ಏನಾದರೂ ಆದರೆ ನಾನು ಇನ್ನು ಯಾವ ತರಗತಿಗೂ ಕಾಲಿಡಲಾರೆ. ಅರ್ಜಿಯ ಮಾತು ಹಾಗಿರಲಿ. ಮೂವತ್ತನಾಲ್ಕು ವರ್ಷದಲ್ಲಿ ನಿಮಗೆ ಹೀಗೆ ಆಗಿರಲೇಬೇಕು. ಆಗ ನೀವು ಏನು ಮಾಡಿದಿರಿ?

ಇವತ್ತು ತಪ್ಪು ಹುಡುಕಬೇಡಿ. ಉತ್ತರ ಬರೆಯಿರಿ.

ನಿಮ್ಮ ಮಗಳು

•

ಆಗಸ್ಟ್ 9, ಶನಿವಾರ

ಮಗಳಿಗೆ,

ಇಪ್ಪತ್ಮೂರು ಒಳ್ಳೆಯ ಅಂಕ.

ಮಕ್ಕಳು ಶಾಲೆ ತಪ್ಪಿಸುವುದು ಹೊಸತಲ್ಲ. ಜ್ವರವಿರಬಹುದು, ನೆಂಟರ ಮನೆಗೆ ಹೋಗಿರಬಹುದು. ಒಂದು ಮಾತಿಗೆ ಯಾರೂ ಶಾಲೆ ಬಿಡುವುದಿಲ್ಲ. ನೋಡು, ಕಥೆ ಎಂದು ಹೊರಟರೆ ಇದೇ ಗೋಳು, ಮಕ್ಕಳು ಬೇಡದ್ದನ್ನೆಲ್ಲ ತಲೆಗೆ ಹಚ್ಚಿಕೊಳ್ಳುತ್ತಾರೆ. ನೀನು ಕೂತ್ಕೋ ಎಂದದ್ದರಲ್ಲಿ ತಪ್ಪಿಲ್ಲ. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ.

(ಇಲ್ಲಿ ಒಂದು ಸಾಲು ಬರೆದು, ಮೂರು ಗೀಟು ಎಳೆದು ಹೊಡೆದು ಹಾಕಲಾಗಿದೆ.)

ಅಡುಗೆಮನೆಯ ನಲ್ಲಿ ಸೋರುತ್ತಿದೆ. ವಾಷರು ಬದಲಾಯಿಸಿದೆ, ಆದರೂ ಸೋರುತ್ತಿದೆ. ನಮ್ಮ ಶಾಲೆಯ ಬೋರ್ಡುಗಳಿಗೆ ಹೊಸ ಬಣ್ಣ ಹೊಡೆಸಿದ್ದಾರೆ, ಎರಡು ದಿನ ಸೀಮೆಸುಣ್ಣ ಹಿಡಿಯಲಿಲ್ಲ.

ಹೊಸ ಅರ್ಜಿ ಕಳಿಸು.

ಅಪ್ಪ

•

ಆಗಸ್ಟ್ 17, ಭಾನುವಾರ

ಅಪ್ಪನಿಗೆ,

ಸಿಕ್ಕಳು. ಅದನ್ನು ಮೊದಲು ಹೇಳಿಬಿಡುತ್ತೇನೆ. ಆರೋಗ್ಯವಾಗಿದ್ದಾಳೆ. ಗುರುವಾರದಿಂದ ಶಾಲೆಗೆ ಬರುತ್ತಿದ್ದಾಳೆ.

ಅವಳನ್ನು ಹುಡುಕಿಕೊಟ್ಟವರು ನೀವು. ನಿಮ್ಮ ಪತ್ರದಲ್ಲಿ ಹೊಡೆದು ಹಾಕಿದ ಸಾಲನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದೆ. ತಪ್ಪಾಗಿದ್ದರೆ ಕ್ಷಮಿಸಿ. ಮೂರು ಗೀಟಿನ ಕೆಳಗೆ ನೀವು ಬರೆದಿದ್ದಿರಿ: ‘ನೀನೂ ಒಮ್ಮೆ ಎರಡು ದಿನ ಶಾಲೆ ಬಿಟ್ಟು ಬಸ್‌ಸ್ಟಾಪಿನಲ್ಲಿ ನಿಂತಿದ್ದೆ.’

ಓದಿದೊಡನೆ ಚಪ್ಪಲಿ ಸಿಕ್ಕಿಸಿಕೊಂಡು ಓಡಿದೆ. ಈ ಊರಿನಲ್ಲಿ ಹೊರ ಊರಿನ ಬಸ್ಸುಗಳು ನಿಲ್ಲುವುದು ಒಂದೇ ಕಡೆ, ಟಯರ್ ಅಂಗಡಿಯ ಎದುರಿಗೆ. ಕಬ್ಬಿಣದ ಬೆಂಚು, ಅದರ ಮೇಲೆ ಅವಳು, ಯೂನಿಫಾರಂ ಹಾಕಿಕೊಂಡು, ಪಾಟಿಚೀಲದ ಮೇಲೆ ನಮ್ಮ ಕಾಣೆಯಾದ ಪುಸ್ತಕ ಇಟ್ಟುಕೊಂಡು. ಬೆಳಿಗ್ಗೆ ಶಾಲೆಗೆಂದು ಹೊರಡುತ್ತಿದ್ದಳಂತೆ, ಸಂಜೆಯವರೆಗೆ ಅಲ್ಲೇ ಕೂತಿದ್ದು ಮನೆಗೆ ಹೋಗುತ್ತಿದ್ದಳಂತೆ. ಮನೆಯಲ್ಲಿ ಇರುವವಳು ಅಜ್ಜಿಯೊಬ್ಬಳೇ, ಆಕೆ ಹಗಲೆಲ್ಲ ನಾಲ್ಕು ಮನೆ ಕೆಲಸಕ್ಕೆ ಹೋಗುತ್ತಾಳೆ. ಅದಕ್ಕೇ ಬೀಗ.

ಅವಳಿಗೊಬ್ಬ ಅಕ್ಕ ಇದ್ದಾಳೆ. ಹೊಲಿಗೆ ಕಾರ್ಖಾನೆಯ ಕೆಲಸಕ್ಕೆಂದು ಬೇರೆ ಊರಿಗೆ ಹೋದವಳು. ತಿಂಗಳಿಗೊಮ್ಮೆ ಬರುತ್ತಿದ್ದಳು. ನಾಲ್ಕು ತಿಂಗಳಿಂದ ಬಂದಿಲ್ಲ, ಸುದ್ದಿಯೂ ಇಲ್ಲ. ಮನೆಯಲ್ಲಿ ಆ ಮಾತು ಎತ್ತಿದರೆ ಅಜ್ಜಿ ಪಾತ್ರೆ ಕುಕ್ಕುತ್ತಾಳಂತೆ. ಶಾಲೆಯಲ್ಲಿ ಯಾರಿಗೂ ಗೊತ್ತಿಲ್ಲ, ಯಾರೂ ಕೇಳಿಲ್ಲ. ಹೀಗಿರುವಾಗ ಒಂದು ದಿನ ಇಂಗ್ಲಿಷ್ ಪುಸ್ತಕದಲ್ಲಿ ಅವಳದೇ ಮನೆಯ ವಿಷಯ ಬಂತು. ಆ ಪುಸ್ತಕಕ್ಕೆ ಉತ್ತರ ಗೊತ್ತಿರಬೇಕು ಎಂದುಕೊಂಡಳು. ಟೀಚರಿಗೂ ಗೊತ್ತಿರಬೇಕು ಎಂದುಕೊಂಡಳು. ಟೀಚರು ಕೂತ್ಕೋ ಎಂದಳು.

ನಾನು ಅವಳ ಪಕ್ಕ ಕೂತೆ. ಅವಳ ಪುಸ್ತಕ ತೆಗೆದುಕೊಂಡು ಪುಟ ತಿರುವಿದೆ. ಕೊನೆಗೆ “ಆವತ್ತು ನಾವು ಕಡೇ ಪುಟ ಓದ್ಲೇ ಇಲ್ಲ ಅಲ್ವಾ, ಓದೋಣ್ವಾ?” ಎಂದೆ. ಬಸ್ಸುಗಳು ಬರುತ್ತಿದ್ದವು, ಹೋಗುತ್ತಿದ್ದವು. ಒಂದೊಂದು ಬಸ್ಸು ನಿಂತಾಗಲೂ ಅವಳು ತಲೆ ಎತ್ತುತ್ತಿದ್ದಳು, ನಾನು ಅದು ಹೊರಡುವವರೆಗೆ ನಿಲ್ಲಿಸುತ್ತಿದ್ದೆ, ಮತ್ತೆ ಮುಂದುವರಿಸುತ್ತಿದ್ದೆ. ಅರ್ಧ ಪುಟಕ್ಕೆ ಅರ್ಧ ಗಂಟೆ ಹಿಡಿಯಿತು.

ಒಣಗಿದ ಕೊಡೆಯ ಸಾಲು ಮುಗಿದ ಮೇಲೆ ಅದರ ಮೇಲೆ ಬೆರಳು ಆಡಿಸಿದಳು. ಆಮೇಲೆ ಕೇಳಿದಳು, “ಟೀಚರ್, ಮಾರನೇ ದಿನಾನೂ ಅವಳು ಎರಡು ಕೊಡೆ ತಗೊಂಡು ಹೋಗ್ತಾಳಾ?” ಇದನ್ನೂ ಇಂಗ್ಲಿಷಿನಲ್ಲೇ ಕೇಳಿದಳು. ಕ್ರಿಯಾಪದ ತಪ್ಪಿತ್ತು. ನಾನು ತಿದ್ದಲಿಲ್ಲ, ಅಪ್ಪ.

“ನಂಗೊತ್ತಿಲ್ಲ ಕಣೇ. ನಿಂಗೇನನ್ಸುತ್ತೆ?”

ಯೋಚಿಸಿದಳು. “ಹೋಗ್ತಾಳೆ,” ಎಂದಳು. ಸ್ವಲ್ಪ ತಡೆದು, “ಆದ್ರೆ ಶಾಲೆ ಮುಗಿಸ್ಕೊಂಡು ಹೋಗ್ತಾಳೆ. ಐದು ಗಂಟೆ ಬಸ್ಸಿಗೆ ಅಷ್ಟೇ.”

ನನಗೆ ಅಳು, ನಗು ಎರಡೂ ಒಟ್ಟಿಗೆ ಬಂತು. ಅವಳನ್ನು ಮನೆಗೆ ಬಿಟ್ಟೆ. ಅಜ್ಜಿ ಮೊದಲು ನನ್ನ ಮೇಲೆ ರೇಗಿದಳು, ಆಮೇಲೆ ಹೊಸಿಲಲ್ಲೇ ಕೂತು ಅತ್ತಳು. ಮುಖ್ಯೋಪಾಧ್ಯಾಯಿನಿ ಈಗ ಕಾರ್ಖಾನೆಗೆ ಬರೆದಿದ್ದಾರೆ. ನೋಡಬೇಕು. ಏನು ಸುದ್ದಿ ಬರುತ್ತದೋ ಎಂಬ ಭಯ ಬೇರೆ ಇದೆ.

ನೀವು ಕೇಳಿದ್ದಿರಿ, ಭಾಷೆ ಕಲಿಸಲು ಕಥೆ ಯಾಕೆ ಎಂದು. ವಾದ ಮಾಡಲು ನನಗೆ ಬರುವುದಿಲ್ಲ. ಒಂದು ವರ್ಷದಿಂದ ಬಾಯಿ ಬಿಡದವಳು ಎರಡು ವಾಕ್ಯ ಆಡಿದಳು, ಎರಡೂ ಈ ಕಥೆಗೇ ಆಡಿದಳು, ಹತ್ತು ಬಿಟ್ಟ ಸ್ಥಳಕ್ಕೆ ಆಡಲಿಲ್ಲ. ಅಷ್ಟು ಕಂಡಿದ್ದೇನೆ. ಮೊದಲನೇ ವಾಕ್ಯ ಆಡಿದಾಗ ನಾನು ಅವಳ ಮುಖ ಓದಲಿಲ್ಲ. ಯಾಕಮ್ಮ ಮೇಡಂ ತರಗತಿಯಲ್ಲಿ ಎರಡು ತಿಂಗಳಿಂದ ನಾವು ಮಾಡುತ್ತಿರುವುದು ಇದೊಂದೇ, ಬರೆದವರು ಬರೆಯದೆ ಬಿಟ್ಟದ್ದನ್ನು ಓದುವುದು. ಪುಸ್ತಕದಲ್ಲಿ ಓದಿದೆ, ಬೆಂಚಿನಲ್ಲಿ ಕೂತವಳಲ್ಲಿ ಓದಲಿಲ್ಲ.

ಈಗ ನಿಮ್ಮದನ್ನೂ ಓದಿದ್ದೇನೆ. ಸಿಟ್ಟಾಗಬೇಡಿ. ಪಾಠ ಯೋಜನೆಯನ್ನು ಮತ್ತೆ ತೆಗೆದು ನೋಡಿದೆ. ನೀವು ತಿದ್ದುವ ಕೈ ನನಗೆ ಗೊತ್ತು, ಹಗುರ, ಒಂದೇ ಎಳೆತ. ‘ಅಕ್ಕ ಯಾಕೆ ಬರಲಿಲ್ಲ’ ಎಂಬುದರ ಮೇಲೆ ಎಳೆದ ಗೀಟು ಹಾಗಿಲ್ಲ. ಹೋಗಿ ಬಂದು ನಾಲ್ಕು ಸಲ ಎಳೆದಿದ್ದೀರಿ, ಹಾಳೆ ಹರಿದಿದೆ.

ಆ ಬಸ್‌ಸ್ಟಾಪಿನ ಕಾಲಕ್ಕೆ ನನಗೆ ಏಳು ವರ್ಷ. ಅಮ್ಮ ಆಸ್ಪತ್ರೆಗೆಂದು ಮಾವನ ಊರಿಗೆ ಹೋಗಿದ್ದಳು. ಐದು ಗಂಟೆಯ ಬಸ್ಸಿಗೆ ಬರುತ್ತಾಳೆ ಎಂದು ನೀವು ಹೇಳಿದ್ದಿರಿ. ಒಂದು ನೋಟ್‌ಬುಕ್ಕಿನಲ್ಲಿ ನಲವತ್ತು ಬಿಟ್ಟ ಸ್ಥಳ ಬರೆದುಕೊಟ್ಟು, ಅಮ್ಮ ಬರುವಷ್ಟರಲ್ಲಿ ತುಂಬಿಡು ಎಂದಿದ್ದಿರಿ. ಆಮೇಲೆ ನೀವೂ ಆ ಊರಿಗೆ ಹೋದಿರಿ. ಅಷ್ಟೇ ನೆನಪು. ಅಮ್ಮ ಬರುವುದಿಲ್ಲ ಎಂದು ಪಕ್ಕದ ಮನೆಯ ಅತ್ತೆ ಯಾವತ್ತೋ ಹೇಳಿದರು. ನೀವು ಹೇಳಿದ ನೆನಪಿಲ್ಲ.

ಅವತ್ತು ಏನಾಯಿತು ಅಪ್ಪ? ಬಿಟ್ಟ ಸ್ಥಳ ತುಂಬಲು ನನ್ನಿಂದ ಆಗುತ್ತಿಲ್ಲ.

ಮಗಳು

•

ಸೆಪ್ಟೆಂಬರ್ 8, ಸೋಮವಾರ

ಅಪ್ಪನಿಗೆ,

ಮೂರು ವಾರವಾಯಿತು, ಉತ್ತರವಿಲ್ಲ. ನನ್ನ ಪತ್ರ ತಿದ್ದಿದ್ದಾದರೂ ವಾಪಸ್ಸು ಬರುತ್ತದೆ ಎಂದು ದಿನಾ ಹಾಸ್ಟೆಲಿನ ಮೇಜಿನ ಮೇಲೆ ನೋಡುತ್ತೇನೆ. ಇಷ್ಟು ದಿನ ಆ ಕೆಂಪು ಗೀಟನ್ನು ಬೈದುಕೊಳ್ಳುತ್ತಿದ್ದೆ, ಈಗ ಅದೇ ಬಂದರೆ ಸಾಕು ಅನ್ನಿಸುತ್ತಿದೆ. ಪಕ್ಕದ ಮನೆಯ ಅತ್ತೆಗೆ ಫೋನ್ ಮಾಡಿದೆ. ದಿನಾ ಶಾಲೆಗೆ ಹೋಗುತ್ತಿದ್ದೀರಂತೆ, ಯಾರ ಹತ್ತಿರವೂ ಹೆಚ್ಚು ಮಾತಿಲ್ಲವಂತೆ, ನಲ್ಲಿ ಇನ್ನೂ ಸೋರುತ್ತಿದೆಯಂತೆ.

ಕೇಳಬಾರದ್ದನ್ನು ಕೇಳಿದೆನೋ ಏನೋ. ಕೇಳಿಲ್ಲ ಎಂದುಕೊಳ್ಳಿ. ಹೊಸ ಅರ್ಜಿ ಇಟ್ಟಿದ್ದೇನೆ, ಪರೀಕ್ಷಾ ತಯಾರಿಗೆ ಗುರುತು ಹಾಕಿದ್ದೇನೆ. ನಿಮ್ಮ ಇಷ್ಟದಂತೆಯೇ ಆಗಲಿ. ಯಾಕಮ್ಮ ಮೇಡಂಗೆ ಇನ್ನೂ ಹೇಳಿಲ್ಲ, ಮುಖ ತಪ್ಪಿಸಿ ಓಡಾಡುತ್ತಿದ್ದೇನೆ. ಏಳೇ ಜನರಿಗೆ ನಿಂತರೆ ಅವರು ಕಾಲೇಜು ಬಿಡುತ್ತಾರೆ ಎಂದು ಹುಡುಗರು ಮಾತಾಡಿಕೊಳ್ಳುತ್ತಿದ್ದಾರೆ.

ಒಂದು ಸಾಲು ಬರೆಯಿರಿ. ಬೈದಾದರೂ ಬರೆಯಿರಿ.

ಮಗಳು

•

ಸೆಪ್ಟೆಂಬರ್ 21, ಭಾನುವಾರ

ಮಗಳಿಗೆ,

ಈ ಪತ್ರವನ್ನು ಐದು ಸಲ ಬರೆದು ಹರಿದಿದ್ದೇನೆ. ಈ ಸಲ ಹರಿಯುವುದಿಲ್ಲ.

ನಿನಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ನಾನೂ ಒಂದು ಕಾಲದಲ್ಲಿ ತರಗತಿಯಲ್ಲಿ ಕಥೆ ಓದುತ್ತಿದ್ದೆ. ದನಿ ಬದಲಾಯಿಸಿ ಓದುತ್ತಿದ್ದೆ, ಮುದುಕನಾಗಿ ಕೆಮ್ಮುತ್ತಿದ್ದೆ, ಪಕ್ಕದ ತರಗತಿಯ ಮಕ್ಕಳು ಕಿಟಕಿಯಿಂದ ಇಣುಕುತ್ತಿದ್ದರು. ನಿನ್ನ ಅಮ್ಮ ತಮಾಷೆ ಮಾಡುತ್ತಿದ್ದಳು, “ನೀವು ಮೇಷ್ಟ್ರೋ ನಾಟಕದೋರೋ?” ಎಂದು.

ಅದೊಂದು ಮಂಗಳವಾರ. ಹನ್ನೆರಡು ಗಂಟೆ ಇರಬೇಕು, ಎಂಟನೇ ತರಗತಿಯಲ್ಲಿ ಓದುತ್ತಿದ್ದೆ. ಇನ್ನೊಂದೇ ಪುಟ ಉಳಿದಿತ್ತು. ಜವಾನ ಬಾಗಿಲಿಗೆ ಬಂದು, ಆಫೀಸಿಗೆ ಫೋನ್ ಬಂದಿದೆ ಎಂದ. ಮಕ್ಕಳಿಗೆ, ಬಂದೆ ಇರಿ ಎಂದು ಹೇಳಿ ಹೋದೆ. ಫೋನಿನಲ್ಲಿ ನಿನ್ನ ಮಾವ ಇದ್ದ. ಅವಳು ಅರ್ಧ ಗಂಟೆಯ ಹಿಂದೆ ಹೋಗಿಬಿಟ್ಟಿದ್ದಳು. ಆ ಕಥೆಯ ಕೊನೆಯ ಪುಟವನ್ನು ನಾನು ಆ ಮಕ್ಕಳಿಗೆ ಓದಲೇ ಇಲ್ಲ. ಆಮೇಲೆ ಯಾವ ಮಕ್ಕಳಿಗೂ ಓದಲಿಲ್ಲ.

ಮನೆಗೆ ಬಂದೆ. ನೀನು ಬಾಗಿಲಲ್ಲೇ ಕೇಳಿದೆ, “ಅಪ್ಪ, ಅಮ್ಮ ಯಾಕೆ ಬರ್ಲಿಲ್ಲ?” “ಐದು ಗಂಟೆ ಬಸ್ಸಿಗೆ ಬರ್ತಾಳೆ, ಕೂತ್ಕೊಂಡು ಇದನ್ನ ತುಂಬು” ಎಂದೆ. ಕೈಗೆ ಸಿಕ್ಕ ನೋಟ್‌ಬುಕ್ಕಿನಲ್ಲಿ ನಲವತ್ತು ವಾಕ್ಯ ಬರೆದೆ, ನಡುವೆ ಪದ ಬಿಟ್ಟೆ. ಬರೆಯುವಷ್ಟು ಹೊತ್ತು ಆ ಫೋನಿನ ಮಾತು ಕೇಳಿಸಲಿಲ್ಲ. ನಿನ್ನನ್ನು ಪಕ್ಕದ ಮನೆಯಲ್ಲಿ ಬಿಟ್ಟು ಮಾವನ ಊರಿಗೆ ಹೋದೆ. ಕೊನೆಯ ಕಾರ್ಯವೆಲ್ಲ ಅಲ್ಲೇ ಮುಗಿಸಿದೆವು. ನಿನ್ನನ್ನು ಕರೆದುಕೊಂಡು ಹೋಗಬೇಕಿತ್ತು. ಕರೆದುಕೊಂಡು ಹೋಗಲಿಲ್ಲ. ಚಿಕ್ಕವಳು, ನೋಡಿದರೆ ಹೆದರುತ್ತಾಳೆ ಎಂದುಕೊಂಡೆ. ಹೆದರಿದ್ದು ನಾನು.

ಗುರುವಾರ ಐದು ಗಂಟೆಯ ಬಸ್ಸಿನಿಂದ ನಾನೊಬ್ಬನೇ ಇಳಿದೆ. ನೀನು ಅಲ್ಲಿ ನಿಂತಿದ್ದೆ, ನೋಟ್‌ಬುಕ್ಕು ಎದೆಗೆ ಒತ್ತಿ ಹಿಡಿದುಕೊಂಡು. ಎರಡು ದಿನದಿಂದ ಶಾಲೆಗೂ ಹೋಗದೆ ನಿಂತಿದ್ದೆಯಂತೆ. ನನ್ನನ್ನು ನೋಡಿದೆ, ಮತ್ತೆ ನನ್ನ ಹಿಂದೆ ಬಸ್ಸಿನ ಬಾಗಿಲನ್ನು ನೋಡಿದೆ. ಬಸ್ಸು ಹೋಗುವವರೆಗೂ ನೋಡುತ್ತಿದ್ದೆ. ಆಗಲಾದರೂ ಹೇಳಬೇಕಿತ್ತು. ನಾನು ಕೇಳಿದ್ದು, “ಎಲ್ಲಾ ತುಂಬಿದ್ಯಾ?” ಎಂದು. ನೀನು ತೋರಿಸಿದೆ. ನಲವತ್ತೂ ಸರಿ ಇದ್ದವು. ಕೆಂಪು ಪೆನ್ಸಿಲಿನಲ್ಲಿ ಅಂಕ ಹಾಕಿದೆ, ಬಸ್‌ಸ್ಟಾಪಿನಲ್ಲೇ ನಿಂತು.

ಇದು ನಿನ್ನ ಪ್ರಶ್ನೆಗೆ ಉತ್ತರ. ಹದಿನಾರು ವರ್ಷ ತಡವಾಗಿದೆ.

ನಿನ್ನ ಆಗಸ್ಟಿನ ಪತ್ರ ಬಂದ ವಾರ ಏಳನೇ ತರಗತಿಗೆ ಹೋಗಿ ಅದೇ ಆರನೇ ಪಾಠ ತೆಗೆದೆ. ನಮ್ಮಲ್ಲೂ ಅದೇ ಪುಸ್ತಕ. ಕೊನೆಯವರೆಗೂ ಓದಿದೆ. ದನಿ ಮೊದಲಿನಂತೆ ಏಳಲಿಲ್ಲ. ಹಿಂದಿನ ಬೆಂಚಿನ ಒಬ್ಬ ಎದ್ದು ಕೇಳಿದ, “ಸಾರ್, ಅಕ್ಕ ಯಾಕೆ ಬರಲಿಲ್ಲ?” ಕೂತ್ಕೋ ಎನ್ನಲು ಬಾಯಿ ತೆರೆದೆ. ಆಮೇಲೆ ನಾನೇ ಕುರ್ಚಿಯಲ್ಲಿ ಕೂತೆ. “ನಂಗೂ ಗೊತ್ತಿಲ್ಲಪ್ಪ, ನೀವೇ ಹೇಳಿ” ಎಂದೆ. ಗಂಟೆ ಹೊಡೆದರೂ ಮಕ್ಕಳು ನಿಲ್ಲಿಸಲಿಲ್ಲ. ಅವರ ಇಂಗ್ಲಿಷಿನ ತುಂಬಾ ತಪ್ಪುಗಳಿದ್ದವು. ಒಬ್ಬೊಬ್ಬರ ಮನೆಗೂ ಯಾರೋ ಒಬ್ಬರು ಬಂದಿಲ್ಲ ಎಂದು ನನಗೆ ಗೊತ್ತೇ ಇರಲಿಲ್ಲ, ಮೂವತ್ತನಾಲ್ಕು ವರ್ಷ.

ನೀನು ಕಳಿಸಿದ ಹೊಸ ಅರ್ಜಿ ಹರಿದು ಹಾಕಿದ್ದೇನೆ. ಹಳೆಯದಕ್ಕೆ ಸಹಿ ಮಾಡಿ ಇಟ್ಟಿದ್ದೇನೆ. ನಾಳೆ ಬೆಳಿಗ್ಗೆಯೇ ರಿಜಿಸ್ಟರ್ ಅಂಚೆಗೆ ಹಾಕುತ್ತೇನೆ, ಸಮಯಕ್ಕೆ ಸಿಗಬೇಕು, ಸಿಗದೆ ಹೋದರೆ ಎಂಬ ದಿಗಿಲು. ಪಾಠ ಯೋಜನೆಯನ್ನು ಸರಿಮಾಡೋಣವೆಂದರೆ ಅದು ನಿನ್ನ ಹತ್ತಿರ ಇದೆ. ಆ ಗೀಟನ್ನು ನೀನೇ ಅಳಿಸಿಕೊ.

ಆ ಹುಡುಗಿಯ ಅಕ್ಕನ ಸುದ್ದಿ ಬಂದರೆ ಬರೆ. ಕೆಟ್ಟದಾಗಿದ್ದರೂ ಅವಳಿಗೆ ಹೇಳು. ಅಂದೇ ಹೇಳು, ಪಕ್ಕದಲ್ಲಿ ಕೂತು ಹೇಳು.

ಈ ಪತ್ರದಲ್ಲಿ ತಪ್ಪುಗಳಿವೆ. ಗುರುತು ಮಾಡಿ ವಾಪಸ್ಸು ಕಳಿಸು.

ಅಪ್ಪ

•

ಸೆಪ್ಟೆಂಬರ್ 27, ಶನಿವಾರ

ಅಪ್ಪ,

ಅರ್ಜಿ ಬುಧವಾರ ಸಿಕ್ಕಿತು, ಅಂದೇ ಕೊಟ್ಟೆ. ಯಾಕಮ್ಮ ಮೇಡಂ ಸಹಿಯನ್ನು ನೋಡಿ, ನನ್ನ ಮುಖ ನೋಡಿ, ಇಷ್ಟು ತಡ ಯಾಕಮ್ಮಾ ಎಂದರು. ಇನ್ನೊಂದು ದಿನ ಹೇಳುತ್ತೇನೆ ಎಂದೆ.

ಹುಡುಗಿಯ ಅಕ್ಕನ ಸುದ್ದಿ ಇನ್ನೂ ಇಲ್ಲ. ಕಾರ್ಖಾನೆಯವರು ವಿಚಾರಿಸಿ ತಿಳಿಸುತ್ತೇವೆ ಎಂದಿದ್ದಾರೆ. ಅವಳು ಶಾಲೆಗೆ ಬರುತ್ತಾಳೆ, ಸಂಜೆ ಐದಕ್ಕೆ ಬಸ್‌ಸ್ಟಾಪಿಗೂ ಹೋಗುತ್ತಾಳೆ. ನಾನೂ ಜೊತೆಗೆ ಹೋಗುತ್ತೇನೆ. ಬಸ್ಸು ಬಂದು ಹೋಗುವವರೆಗೆ ಏನಾದರೂ ಓದುತ್ತೇವೆ.

ನಿಮ್ಮ ಪತ್ರವನ್ನು ವಾಪಸ್ಸು ಕಳಿಸುವುದಿಲ್ಲ. ಅದರಲ್ಲಿ ಎಷ್ಟು ತಪ್ಪುಗಳಿವೆ ಎಂದು ನಾನು ಎಣಿಸಲಿಲ್ಲ. ನನ್ನ ಟ್ರಂಕಿನಲ್ಲಿ ಇಟ್ಟುಕೊಂಡಿದ್ದೇನೆ. ಸಿಟ್ಟು ಬಂತಾ ಎಂದರೆ ಬಂತು. ಎರಡು ದಿನ ನಿಮ್ಮ ಮೇಲೆ ತುಂಬಾ ಸಿಟ್ಟಿತ್ತು. ಇವತ್ತೂ ಸ್ವಲ್ಪ ಇದೆ, ಬಂದಾಗ ಎದುರಿಗೇ ತೋರಿಸುತ್ತೇನೆ.

ಮುಂದಿನ ಶನಿವಾರ ಐದು ಗಂಟೆಯ ಬಸ್ಸಿಗೆ ಬರುತ್ತಿದ್ದೇನೆ. ಬಸ್‌ಸ್ಟಾಪಿಗೆ ಬನ್ನಿ. ಮಳೆ ಇದ್ದರೆ ಎರಡು ಕೊಡೆ ತನ್ನಿ. ಬಸ್ಸು ತಡವಾದರೆ ಗಾಬರಿಯಾಗಬೇಡಿ, ನಾನು ಬಂದೇ ಬರುತ್ತೇನೆ.

ನಿಮ್ಮ ಮಗಳು